ಆಟದ ನಗೆ, ಪಾಠದ ನಗೆ

ಮುಂಡಗೋಡ ತಾಲ್ಲೂಕಿನ ಮಳಗಿ ಮಲೆನಾಡೂ ಬಯಲುಸೀಮೆಯೂ ಕೂಡುವ ಎಡೆಯಲ್ಲಿರುವ ಊರು. ಇಲ್ಲಿಯ ಧರ್ಮಾ ಜಲಾಶಯದ ನೀರು ಕಾಲುವೆಯ ಮೂಲಕ ಹರಿದು ಹಾನಗಲ್ಲ ಸೀಮೆಯ ಗದ್ದೆಗಳನ್ನು ಸೇರುತ್ತದೆ. ಆಷಾಢದ ಮಳೆ ಹಿಡಿಯಿತೆಂದರೆ ಈ ಭಾಗದ ಮಕ್ಕಳಿಗೆ ಅಂಗಳದ ಆಟಗಳು ನಿಂತುಹೋಗುತ್ತವೆ. ಹಿಂದೆ ಅಂಥ ದಿನಗಳಲ್ಲಿ ಜಗಲಿಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಚೌಕಾಬಾರ ಆಡುತ್ತಿದ್ದರು. ಅಟ್ಟದ ಮೇಲಿನ ಅಳಗುಳಿಮಣೆ ಕೆಳಗಿಳಿಯುತ್ತಿತ್ತು. ಈಗ ಕೈಗೆ ಬರುವುದು ಮೊಬೈಲು.

ಅಂಥದೊಂದು ಸಂಜೆ ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ಜಗಲಿಯ ಕಂಬಕ್ಕೆ ಒರಗಿ ಕುಳಿತು ಮೊಬೈಲಿನಲ್ಲಿ ಏನನ್ನೋ ಆಡುತ್ತಿದ್ದನು. ಟೋಪಿ ಹಾಕಿಕೊಂಡ ಕುಳ್ಳನೊಬ್ಬನು ಹಳ್ಳ ದಿಣ್ಣೆಗಳನ್ನು ಹಾರಿ ಓಡುತ್ತಿದ್ದಾನೆ. ಒಂದು ಕಡೆ ಹಾರುವುದು ತಪ್ಪಿ ಹಳ್ಳಕ್ಕೆ ಬಿದ್ದನು. ಮನುಷ್ಯನು ಮುಳುಗಿದರೂ ಟೋಪಿ ಮಾತ್ರ ನೀರಿನ ಮೇಲೆ ತೇಲುತ್ತ, ಕಪ್ಪೆಯೊಂದು ಬಂದು ಅದರ ಮೇಲೆ ಗಂಭೀರವಾಗಿ ಕುಳಿತುಕೊಂಡಿತು. ಹುಡುಗನು ಬಿದ್ದು ಬಿದ್ದು ನಕ್ಕನು. ಮತ್ತೆ ಆಡಿದನು, ಮತ್ತೆ ಬಿದ್ದನು, ಮತ್ತೆ ನಕ್ಕನು. ನಾನು ಎಣಿಸತೊಡಗಿದೆ, ಹದಿನೇಳು ಬಾರಿ ಬಿದ್ದ ಮೇಲೆ ಹದಿನೆಂಟನೆಯ ಸಲ ಹಳ್ಳ ದಾಟಿದನು.

ಅದೇ ದಿನ ಬೆಳಿಗ್ಗೆ ಅದೇ ಹುಡುಗನು ಭಿನ್ನರಾಶಿಯ ಒಂದೇ ಒಂದು ಲೆಕ್ಕ ತಪ್ಪಿತೆಂದು ಕಣ್ಣಲ್ಲಿ ನೀರು ತಂದುಕೊಂಡು ಪುಸ್ತಕವನ್ನು ಮುಚ್ಚಿಟ್ಟಿದ್ದನು. “ಹದಿನೇಳು ಸಲ ಸೋತೆಯಲ್ಲೋ, ಬೇಸರವಾಗಲಿಲ್ಲವೇನೋ?” ಎಂದು ಕೇಳಿದೆ. “ಸೋತರ ಏನಾತು ಅಜ್ಜಾ, ಮತ್ತ ಶುರು ಆಗ್ತೈತಲ್ಲ” ಎಂದನು. ತುಸು ತಡೆದು, “ಮತ್ತ ಇಲ್ಲಿ ಯಾರೂ ನೋಡಂಗಿಲ್ಲ” ಎಂದು ಸೇರಿಸಿದನು.

ಈ ಎರಡನೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ಒಂದೇ ಮನಸ್ಸು ಒಂದೆಡೆ ಸೋಲನ್ನು ಕಂಡು ನಗುತ್ತದೆ, ಇನ್ನೊಂದೆಡೆ ಅಳುತ್ತದೆ. ಹಾಗಾದರೆ ನಗೆಗೂ ಕಲಿಕೆಗೂ ಇರುವ ನಂಟೇನು? ಇದು ಮುದುಕನೊಬ್ಬನ ಕುತೂಹಲ ಮಾತ್ರವಲ್ಲ. ಕಳೆದ ಐವತ್ತು ವರ್ಷಗಳಿಂದ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಈ ಪ್ರಶ್ನೆಯನ್ನು ಹಿಡಿದು ಪ್ರಯೋಗಗಳನ್ನು ನಡೆಸಿದ್ದಾರೆ.

ಗಣಕಯಂತ್ರದ ಆಟಗಳಿಗೆ ನಾವು ತಿಳಿದಿರುವುದಕ್ಕಿಂತ ದೀರ್ಘವಾದ ಚರಿತ್ರೆಯಿದೆ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬೋಥಮ್, ಪ್ರಯೋಗಾಲಯ ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ಸಣ್ಣ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ರಚಿಸಿದನು. ಪಾಠಕ್ಕಾಗಿಯೇ ಹುಟ್ಟಿದ ಆಟವೂ ಬಹಳ ಹಿಂದಿನದೇ. 1971ರಲ್ಲಿ ಮಿನೆಸೋಟದ ಮೂವರು ತರುಣ ಶಿಕ್ಷಕರು, ಎಂಟನೆಯ ತರಗತಿಗೆ ಇತಿಹಾಸವನ್ನು ಕಲಿಸುವ ಸಲುವಾಗಿ ‘ಒರೆಗಾನ್ ಟ್ರೈಲ್’ ಎಂಬ ಆಟವನ್ನು ಬರೆದರು. ಎತ್ತಿನ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದವರ ಕಥೆ ಅದು. ಆಗ ಪರದೆಯೂ ಇರಲಿಲ್ಲ; ಗಣಕವು ತನ್ನ ಉತ್ತರವನ್ನು ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ದಾರಿಯಲ್ಲಿ ಎತ್ತು ಕುಂಟುತ್ತದೆ, ಆಹಾರ ಮುಗಿಯುತ್ತದೆ, ಕಾಯಿಲೆ ಬಂದು ಆಟಗಾರನೇ ಸಾಯುತ್ತಾನೆ. ಮುಂದಿನ ದಶಕಗಳಲ್ಲಿ ಆ ನಾಡಿನ ಮಕ್ಕಳ ತಲೆಮಾರುಗಳೇ ಈ ಸಾವಿನ ಸುದ್ದಿಯನ್ನು ಓದಿ ನಕ್ಕು, ಮತ್ತೆ ಬಂಡಿ ಹೂಡಿದವು.

ಹೀಗೆ ಸೋತು ನಗುವುದೇಕೆ? ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ 2013ರಲ್ಲಿ ಪ್ರಕಟಿಸಿದ ‘ಸೋಲಿನ ಕಲೆ’ ಎಂಬರ್ಥದ ಗ್ರಂಥದಲ್ಲಿ ಈ ವಿಚಿತ್ರವನ್ನೇ ಚರ್ಚಿಸಿದ್ದಾನೆ. ಮನುಷ್ಯನು ಸಾಮಾನ್ಯವಾಗಿ ಸೋಲನ್ನು ತಪ್ಪಿಸಿಕೊಳ್ಳುತ್ತಾನೆ. ಆದರೆ ಆಟವನ್ನು ಆರಿಸಿಕೊಂಡಾಗ, ಸೋಲುವೆನೆಂದು ತಿಳಿದೂ ಅದನ್ನು ಹುಡುಕಿಕೊಂಡು ಹೋಗುತ್ತಾನೆ. ಆಟದ ಸೋಲು ನೋಯಿಸುತ್ತದೆ. ನೋಯಿಸಿದರೂ ಅದನ್ನು ‘ಬರಿಯ ಆಟ’ವೆಂದು ತಳ್ಳಿಹಾಕುವ ಸ್ವಾತಂತ್ರ್ಯ ಆಟಗಾರನಿಗಿರುತ್ತದೆ. ಲೆಕ್ಕದ ಪುಸ್ತಕಕ್ಕೆ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ತಪ್ಪಿದರೆ ಕೆಂಪು ಗೆರೆ ಉಳಿಯುತ್ತದೆ. ಗೆರೆಯನ್ನು ಕಂಡವರ ಕಣ್ಣುಗಳೂ ಉಳಿಯುತ್ತವೆ.

ನಗೆಯ ವಿಚಾರಕ್ಕೆ ಬಂದರೆ, ನಮ್ಮ ಹಿರಿಯರು ಅದನ್ನು ಹಗುರವಾಗಿ ಕಂಡವರಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯಕ್ಕೆ ರಸದ ಪದವಿಯನ್ನೇ ಕೊಟ್ಟಿದ್ದಾನೆ. ವೇಷವಾಗಲಿ ಮಾತಾಗಲಿ ನಡೆಯಾಗಲಿ ಇರಬೇಕಾದಂತಿರದೆ ವಿಕೃತವಾದಾಗ ಹಾಸ್ಯ ಹುಟ್ಟುತ್ತದೆಂಬುದು ಅವನ ಮತ. ಯುರೋಪಿನ ಕಾಂಟ್, ಶೋಪೆನ್‌ಹೋವರ್ ಮೊದಲಾದ ತತ್ತ್ವಜ್ಞರೂ ಬೇರೆ ದಾರಿಯಿಂದ ಇಲ್ಲಿಗೇ ಬಂದರು. ನಾವು ಒಂದನ್ನು ನಿರೀಕ್ಷಿಸುತ್ತೇವೆ, ಮತ್ತೊಂದು ನಡೆಯುತ್ತದೆ, ಎರಡರ ನಡುವಿನ ಅಸಾಂಗತ್ಯ ಫಕ್ಕನೆ ಹೊಳೆದಾಗ ನಗೆ ಬರುತ್ತದೆ. ಮುಳುಗಿದವನ ಟೋಪಿಯ ಮೇಲೆ ಕಪ್ಪೆ ಕುಳಿತದ್ದು ಇಂಥದೇ. ಕಲಿಕೆಯೂ ಹಲವು ಸಲ ಹೀಗೆಯೇ ಮೊದಲಾಗುತ್ತದೆಯಷ್ಟೆ! ಭಾರವಾದ ಕಲ್ಲು ಹಗುರವಾದ ಕಲ್ಲಿಗಿಂತ ಬೇಗ ಬೀಳುವುದೆಂದು ನಿರೀಕ್ಷಿಸುತ್ತೇವೆ. ಎರಡೂ ಒಟ್ಟಿಗೆ ಬಿದ್ದಾಗ ಬೆರಗಾಗಿ ‘ಏಕೆ?’ ಎಂದು ಕೇಳುತ್ತೇವೆ.

ಈ ಭಾಗದ ರಂಗಭೂಮಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಅಬ್ಬರಿಸುತ್ತ ಬರುವ ರಾಜನನ್ನು ಸಾರಥಿಯು ತಡೆದು, ತಾವು ಯಾರು, ಊರು ಯಾವುದು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಜನು ಗ್ರಂಥಸ್ಥ ಭಾಷೆಯಲ್ಲಿ ಉತ್ತರಿಸಿದರೆ ಸಾರಥಿಯು ಅದನ್ನು ಆಡುಮಾತಿಗೆ ಇಳಿಸಿ, ಒಂದಿಷ್ಟು ತಿರುಚಿ, ಜನರನ್ನು ನಗಿಸುತ್ತಾನೆ. ಯಕ್ಷಗಾನದ ಹಾಸ್ಯಗಾರನು ಮಾಡುವುದೂ ಇದನ್ನೇ. ಅಕ್ಷರ ಬಾರದ ಪ್ರೇಕ್ಷಕರೂ ಮಹಾಭಾರತದ ಜಟಿಲವಾದ ಕಥೆಯ ಎಳೆ ತಪ್ಪದೆ ಬೆಳಗಿನ ಜಾವದವರೆಗೆ ಕುಳಿತಿರುತ್ತಿದ್ದರೆ, ಅದಕ್ಕೆ ಈ ನಗೆಗಾರರ ಸಹಾಯ ಸಣ್ಣದಲ್ಲ. ನಗೆ ಇಲ್ಲಿ ಪಾಠದ ನಡುವಿನ ವಿರಾಮವಲ್ಲ. ಪಾಠವೇ ನಗೆಯ ಬಾಗಿಲಿನಿಂದ ಒಳಗೆ ಬರುತ್ತದೆ.

ಮುಂಡಗೋಡದ ಬಳಿ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ವಸತಿಯಲ್ಲಿ ಇನ್ನೊಂದು ಬಗೆಯನ್ನು ಕಾಣಬಹುದು. ಗಾದೆನ್, ಡ್ರೆಪುಂಗ್ ವಿಹಾರಗಳ ಅಂಗಳದಲ್ಲಿ ತರುಣ ಭಿಕ್ಷುಗಳು ತರ್ಕಶಾಸ್ತ್ರವನ್ನು ವಾದದ ಮೂಲಕ ಕಲಿಯುತ್ತಾರೆ. ಉತ್ತರ ಹೇಳುವವನು ಕುಳಿತಿರುತ್ತಾನೆ. ಪ್ರಶ್ನೆ ಕೇಳುವವನು ನಿಂತು, ಕಾಲನ್ನು ನೆಲಕ್ಕೆ ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆಯನ್ನು ಎಸೆಯುತ್ತಾನೆ. ಉತ್ತರ ಹೇಳುವವನು ತನ್ನ ಮಾತಿನ ಬಲೆಗೆ ತಾನೇ ಸಿಕ್ಕಿಬಿದ್ದಾಗ ಸುತ್ತಲಿದ್ದವರು ನಗುತ್ತಾರೆ, ಎಷ್ಟೋ ಸಲ ಅವನೂ ನಗುತ್ತಾನೆ. ಇಂದು ಕುಳಿತವನು ನಾಳೆ ನಿಲ್ಲುವವನು; ಆದ್ದರಿಂದ ಆ ನಗೆ ಅವಮಾನವಾಗಿ ಉಳಿಯುವುದಿಲ್ಲ.

ಇದನ್ನು ನೆನೆದಾಗ ನನಗೆ ‘ಮಂಕಿ ಐಲ್ಯಾಂಡ್’ ಎಂಬ ಗಣಕದ ಆಟ ನೆನಪಾಗುತ್ತದೆ. 1990ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯವರು ಹೊರತಂದ ಈ ಆಟದಲ್ಲಿ ಕಡಲುಗಳ್ಳರು ಕತ್ತಿ ಹಿಡಿದು ಹೋರಾಡುತ್ತಾರೆ. ಆದರೆ ಗೆಲ್ಲುವುದು ಕತ್ತಿಯ ಚಳಕದಿಂದಲ್ಲ, ಮಾತಿನ ಚಮತ್ಕಾರದಿಂದ. ಎದುರಾಳಿಯು ಒಂದು ಮೂದಲಿಕೆಯನ್ನು ಆಡುತ್ತಾನೆ. ಅದಕ್ಕೆ ತಕ್ಕ ಪ್ರತ್ಯುತ್ತರ ಕೊಟ್ಟರೆ ಮೇಲುಗೈ, ಇಲ್ಲವಾದರೆ ಹಿಮ್ಮೆಟ್ಟಬೇಕು. ಆಟಗಾರನಿಗೆ ಮೊದಲು ಬರುವ ಮಾತುಗಳು ಬಹಳ ಕಡಮೆ. ಸೋಲುತ್ತ ಸೋಲುತ್ತ ಎದುರಾಳಿಗಳ ಬಾಯಿಂದಲೇ ಹೊಸ ಮೂದಲಿಕೆಗಳನ್ನೂ ಪ್ರತ್ಯುತ್ತರಗಳನ್ನೂ ಕಲಿಯಬೇಕು. ಕೊನೆಗೆ ಕತ್ತಿವರಸೆಯ ಗುರುವನ್ನು ಎದುರಿಸಬೇಕು. ಆಕೆ ಅದುವರೆಗೆ ಯಾರೂ ಆಡದ ಹೊಸ ಮೂದಲಿಕೆಗಳನ್ನು ಆಡುತ್ತಾಳೆ. ಕಲಿತ ಹಳೆಯ ಪ್ರತ್ಯುತ್ತರಗಳಲ್ಲಿ ಯಾವುದು ಹೊಸದಕ್ಕೆ ಹೊಂದುತ್ತದೆಂದು ಆಟಗಾರನೇ ಯೋಚಿಸಬೇಕು. ಹಲವು ವರ್ಷ ಪ್ರಶ್ನೆಪತ್ರಿಕೆಗಳನ್ನು ತಯಾರಿಸಿದವನಾಗಿ ಹೇಳುತ್ತೇನೆ, ಇದಕ್ಕಿಂತ ಉತ್ತಮವಾದ ಪರೀಕ್ಷೆಯನ್ನು ನಾನು ಕಂಡದ್ದು ಕಡಮೆ. ಬಾಯಿಪಾಠ ಮಾಡಿದವನು ಇಲ್ಲಿ ಗೆಲ್ಲಲಾರ. ಹಾಸ್ಯದ ಅರ್ಥ ತಿಳಿದವನು ಮಾತ್ರ ಗೆಲ್ಲುತ್ತಾನೆ.

ಇನ್ನು ನಗಿಸಿ ಕಲಿಸಿದರೆ ಕಲಿಕೆ ನಿಜವಾಗಿಯೂ ಹೆಚ್ಚುತ್ತದೆಯೆ? ಮಕ್ಕಳು ಸಂತೋಷದಿಂದಿದ್ದರು ಎಂದ ಮಾತ್ರಕ್ಕೆ ಕಲಿತರು ಎನ್ನಲಾಗದು. ಇದನ್ನು ಅಳೆಯಹೊರಟವರಲ್ಲಿ ಕಾಪ್ಲನ್ ಮತ್ತು ಪ್ಯಾಸ್ಕೋ ಎಂಬ ಇಬ್ಬರು ಸಂಶೋಧಕರ ಪ್ರಯೋಗ ಪ್ರಸಿದ್ಧವಾದುದು. 1977ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 508 ಮಂದಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಒಂದೇ ವಿಷಯದ ಉಪನ್ಯಾಸವನ್ನು ಬೇರೆ ಬೇರೆ ರೂಪಗಳಲ್ಲಿ ಕೇಳಿದರು. ಕೆಲವರಿಗೆ ಗಂಭೀರವಾದ ಉಪನ್ಯಾಸ; ಕೆಲವರಿಗೆ ವಿಷಯವನ್ನೇ ಬೆಳಗಿಸುವ ಹಾಸ್ಯದ ಉದಾಹರಣೆಗಳು; ಮತ್ತೆ ಕೆಲವರಿಗೆ ವಿಷಯಕ್ಕೆ ಸಂಬಂಧಿಸದ ಹಾಸ್ಯ. ಉಪನ್ಯಾಸ ಮುಗಿದ ಕೂಡಲೆ ನಡೆಸಿದ ಪರೀಕ್ಷೆಯಲ್ಲಿ ಹಾಸ್ಯದಿಂದ ಯಾವ ಲಾಭವೂ ಕಾಣಲಿಲ್ಲ. ಆದರೆ ಆರು ವಾರಗಳ ಅನಂತರ ಮತ್ತೆ ಪರೀಕ್ಷಿಸಿದಾಗ, ವಿಷಯವನ್ನು ಬೆಳಗಿಸಿದ ಹಾಸ್ಯದ ಉದಾಹರಣೆಗಳ ಮೂಲಕ ತಿಳಿಸಿದ ಅಂಶಗಳು ಹೆಚ್ಚಾಗಿ ನೆನಪಿನಲ್ಲಿ ಉಳಿದಿದ್ದವು. ನಗೆಯ ಫಲ ಅಂದೇ ಕಾಣುವಂಥದಲ್ಲ. ಅದು ಬಿತ್ತನೆಯಂತೆ, ಕಾಲ ಕಳೆದ ಮೇಲೆ ತಲೆಯೆತ್ತುತ್ತದೆ.

ಇಸ್ರೇಲಿನ ಅವ್ನರ್ ಜಿವ್ ಎಂಬ ಮನಶ್ಶಾಸ್ತ್ರಜ್ಞನು 1988ರಲ್ಲಿ ಪ್ರಕಟಿಸಿದ ಪ್ರಯೋಗವು ಒಂದು ಇಡೀ ಶೈಕ್ಷಣಿಕ ಅವಧಿಯುದ್ದಕ್ಕೂ ನಡೆಯಿತು. ವಿಷಯ, ಬಹಳ ಮಂದಿಗೆ ಒಣ ಕಡ್ಡಿಯಂತೆ ತೋರುವ ಸಂಖ್ಯಾಶಾಸ್ತ್ರ. ಒಂದು ಗುಂಪಿಗೆ ಪಾಠಕ್ಕೆ ಹೊಂದಿದ ಹಾಸ್ಯವನ್ನು ಬೆರೆಸಿ, ಮತ್ತೊಂದಕ್ಕೆ ಬೆರೆಸದೆ, ಒಬ್ಬರೇ ಅಧ್ಯಾಪಕರು ಕಲಿಸಿದರು. ಅವಧಿಯ ಕೊನೆಯ ಪರೀಕ್ಷೆಯಲ್ಲಿ ಮೊದಲನೆಯ ಗುಂಪು ಮುಂದಿತ್ತು. ಇಲ್ಲಿ ಹಾಸ್ಯವನ್ನು ಮನಬಂದಂತೆ ಚೆಲ್ಲಿರಲಿಲ್ಲವೆಂಬುದನ್ನು ಗಮನಿಸಬೇಕು. ಒಂದು ಪಾಠಕ್ಕೆ ಮೂರು ನಾಲ್ಕು ಪ್ರಸಂಗಗಳು ಮಾತ್ರ. ಮೊದಲು ವಿಷಯವನ್ನು ತಿಳಿಸುವುದು, ಬಳಿಕ ಅದನ್ನೇ ಕುರಿತ ನಗೆಯ ಪ್ರಸಂಗ, ಆಮೇಲೆ ವಿಷಯವನ್ನು ಮತ್ತೊಮ್ಮೆ ಬೇರೆ ಮಾತಿನಲ್ಲಿ ಹೇಳುವುದು, ಹೀಗೆ ಒಂದು ಕ್ರಮವಿತ್ತು. ಅಡಿಗೆಗೆ ಉಪ್ಪು ಬೇಕೆಂದು ಉಪ್ಪನ್ನೇ ಬಡಿಸುವವರುಂಟೆ?

ಗಣಕದ ಆಟಗಳಿಗೆ ಈ ವಿಚಾರವನ್ನು ಅನ್ವಯಿಸಿದವರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಕ್ಲೇರ್ ಡಾರ್ಮನ್ ಮತ್ತು ರಾಬರ್ಟ್ ಬಿಡ್ಲ್ ಮುಖ್ಯರು. ಆಟಗಳಲ್ಲಿ ಹಾಸ್ಯವು ಮಾಡುವ ಕೆಲಸಗಳನ್ನು ಅವರು 2009ರ ತಮ್ಮ ಸಮೀಕ್ಷೆಯಲ್ಲಿ ವಿವೇಚಿಸಿದ್ದಾರೆ. ಹಾಸ್ಯವು ಬೇಸರವನ್ನು ಕಳೆದು ಆಟಗಾರನ ಭಾವವನ್ನು ಹಿಡಿದಿಡುತ್ತದೆ; ಯೋಚನೆಗೆ ಕೆಲಸ ಕೊಡುತ್ತದೆ; ಜೊತೆಗಾರರನ್ನು ಒಂದುಗೂಡಿಸುತ್ತದೆ. ಅವರಿಗಿಂತ ಬಹಳ ಮೊದಲೇ, 1980ರಲ್ಲಿ, ಥಾಮಸ್ ಮಲೋನ್ ಎಂಬುವನು ಭಿನ್ನರಾಶಿಗಳನ್ನು ಕಲಿಸುವ ಆಟವೊಂದನ್ನು ಬಿಡಿಬಿಡಿಯಾಗಿ ಬಿಚ್ಚಿ ಪರೀಕ್ಷಿಸಿದ್ದನು. ಸಂಖ್ಯಾರೇಖೆಯ ಮೇಲೆ ಬೆಲೂನುಗಳಿರುತ್ತವೆ; ಸರಿಯಾದ ಭಿನ್ನರಾಶಿಯನ್ನು ಊಹಿಸಿದರೆ ಬಾಣ ಹೋಗಿ ಬೆಲೂನು ಒಡೆಯುತ್ತದೆ. ಬೆಲೂನು ಒಡೆಯುವ ಈ ಕಲ್ಪನೆ ಹುಡುಗರಿಗೆ ಹಿಡಿಸಿತು, ಹುಡುಗಿಯರಿಗೆ ಹಿಡಿಸಲಿಲ್ಲ! ಎಲ್ಲರನ್ನೂ ಒಂದೇ ಸಮನಾಗಿ ರಂಜಿಸುವ ವಿನೋದವಿಲ್ಲವೆಂಬುದು ಅಂದೇ ತಿಳಿಯಿತು.

ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯೊಂದಿದೆ: ಯಾರು ಯಾರನ್ನು ಕಂಡು ನಗುತ್ತಾರೆ? 1984ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಬಾತುಕೋಳಿ ಬೇಟೆಯ ಆಟವೊಂದನ್ನು ಹೊರತಂದಿತು. ಗುರಿ ತಪ್ಪಿದರೆ ಹುಲ್ಲಿನ ಮರೆಯಿಂದ ನಾಯಿಯೊಂದು ಎದ್ದು, ಬಾಯಿಗೆ ಕಾಲು ಅಡ್ಡ ಹಿಡಿದು ಆಟಗಾರನನ್ನು ನೋಡಿ ನಗುತ್ತದೆ. ಬಂದೂಕನ್ನು ಆ ನಾಯಿಯ ಕಡೆಗೇ ತಿರುಗಿಸಿದ ಮಕ್ಕಳಿಗೆ ಲೆಕ್ಕವಿಲ್ಲ. ದಶಕಗಳು ಕಳೆದರೂ ಆ ಆಟವನ್ನು ಆಡಿದವರು ಬಾತುಕೋಳಿಗಳನ್ನು ಮರೆತು ನಾಯಿಯನ್ನು ನೆನೆಯುತ್ತಾರೆ.

ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ವೃತ್ತಿಗೆ ಸೇರಿದ ಹೊಸತು. ಸಂಧಿ ಪ್ರಕರಣದ ಪಾಠ ನಡೆದಿತ್ತು. ‘ಮನೆಯಲ್ಲಿ’ ಎಂಬುದು ಯಾವ ಸಂಧಿ ಎಂದು ಕೇಳಿದೆ. ಆ ವರ್ಷವೇ ಕಾಡಿನಂಚಿನ ಹಳ್ಳಿಯಿಂದ ಬಂದು ಸೇರಿದ್ದ ಹುಡುಗನೊಬ್ಬನು ಮೊಟ್ಟಮೊದಲ ಬಾರಿಗೆ ಕೈಯೆತ್ತಿ “ಲೋಪಸಂಧಿ ಸರ್” ಎಂದನು. ನಾನು ಕೂಡಲೆ, “ಲೋಪವಾದದ್ದು ಸ್ವರವಲ್ಲಪ್ಪಾ, ನಿನ್ನ ಬುದ್ಧಿ” ಎಂದುಬಿಟ್ಟೆ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಮಾತಿಗೆ ಮಾತು ಹೊಂದಿಸಿದೆನೆಂದು ನಾನೂ ಬೀಗಿದೆ. ಅಂದಿನ ವಿದ್ಯಾರ್ಥಿಗಳು ಈಗಲೂ ಎಲ್ಲಿಯಾದರೂ ಸಿಕ್ಕಿದರೆ, “ಆಗಮಸಂಧಿ ಲೋಪಸಂಧಿ ಎರಡೂ ಇವತ್ತಿಗೂ ಮರೆತಿಲ್ಲರೀ ಸರ್” ಎಂದು ಆ ಪ್ರಸಂಗವನ್ನೇ ನೆನಪಿಸುತ್ತಾರೆ. ಕಾಪ್ಲನ್ ಮತ್ತು ಪ್ಯಾಸ್ಕೋ ಹೇಳಿದ್ದು ಸುಳ್ಳಲ್ಲ. ವಿಷಯಕ್ಕೆ ಹೊಂದಿದ ಹಾಸ್ಯವು ಆರು ವಾರವೇನು, ಮೂವತ್ತು ವರ್ಷವೂ ಉಳಿಯಿತು. ಆದರೆ ಆ ಹುಡುಗನು ಆ ವರ್ಷ ಮತ್ತೆ ಕೈಯೆತ್ತಲಿಲ್ಲ. ಮುಂದಿನ ವರ್ಷ ಶಾಲೆಗೂ ಬರಲಿಲ್ಲ. ಶಾಲೆ ಬಿಟ್ಟುದಕ್ಕೆ ಮನೆಯ ಬಡತನ ಕಾರಣವೆಂದು ಹೇಳಿದರು, ಇದ್ದರೂ ಇರಬಹುದು.

ಅಮೆರಿಕದ ಮೆಲಿಸ್ಸಾ ವಾಂಜರ್ ಮತ್ತು ಸಂಗಡಿಗರು 2010ರಲ್ಲಿ ಮಂಡಿಸಿದ ಸಿದ್ಧಾಂತವನ್ನು ಓದಿದಾಗ ನನಗೆ ಈ ಹುಡುಗನ ಮುಖ ಕಣ್ಣ ಮುಂದೆ ಬಂದಿತು. ಪಾಠಕ್ಕೆ ಸಂಬಂಧಿಸಿದ ಹಾಸ್ಯ ಕಲಿಕೆಗೆ ನೆರವಾಗಬಲ್ಲದು. ಆದರೆ ವಿದ್ಯಾರ್ಥಿಗಳನ್ನು ಹಳಿಯುವ ಹಾಸ್ಯ ಕೆಟ್ಟ ಭಾವವನ್ನು ಹುಟ್ಟಿಸಿ ಕಲಿಯುವ ಮನಸ್ಸನ್ನೇ ಕುಗ್ಗಿಸುತ್ತದೆ ಎಂಬುದು ಅವರ ವಾದದ ತಿರುಳು. ಭರತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಅಪಹಸಿತವೆಂದರೆ ಸ್ಥಾನವಲ್ಲದ ಸ್ಥಾನದಲ್ಲಿ ಹುಟ್ಟಿ, ಹೆಗಲು ತಲೆಗಳನ್ನು ಅಲುಗಿಸಿ, ಕಣ್ಣಲ್ಲಿ ನೀರು ತರಿಸುವ ನಗೆ. ನಗುವವನ ಕಣ್ಣೀರನ್ನೇ ಅವನು ಹೇಳಿದ್ದು. ಆ ದಿನ ನೀರು ಬಂದದ್ದು ಬೇರೊಬ್ಬನ ಕಣ್ಣಿನಲ್ಲಿ.

ಆಟದ ಯಂತ್ರಕ್ಕೆ ಇಲ್ಲಿ ಮನುಷ್ಯನಾದ ಗುರುವಿಗಿಂತ ಒಂದು ಅನುಕೂಲವಿದೆ. ಅದು ನಕ್ಕರೂ ನಾಲ್ಕು ಜನರ ಮುಂದೆ ನಗುವುದಿಲ್ಲ. ಆದರೆ ನಮ್ಮ ಶಾಲೆಗಳಲ್ಲಿ ಒಬ್ಬ ಹುಡುಗನಿಗೆ ಒಂದು ಯಂತ್ರವೆಂಬುದು ಎಲ್ಲಿ ಸಾಧ್ಯ? ಒಂದು ಗಣಕದ ಸುತ್ತ ಐದಾರು ಮಕ್ಕಳು ಮುತ್ತಿರುತ್ತಾರೆ. ಮೌಸು ಹಿಡಿದವನೇ ದೊರೆ, ಉಳಿದವರು ಇಣಿಕಿ ನೋಡುವವರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಉದಯ ಸಿಂಗ್ ಪವಾರ್, ಜಯಜಿತ್ ಪಾಲ್, ಕೆಂಟಾರೊ ತೊಯಾಮ ಮೊದಲಾದವರು ಇದಕ್ಕೆ ಸುಲಭವಾದ ಉಪಾಯವೊಂದನ್ನು ಕಂಡುಹಿಡಿದರು. ಒಂದೇ ಗಣಕಕ್ಕೆ ಐದು ಮೌಸುಗಳನ್ನು ಜೋಡಿಸಿ, ಪರದೆಯ ಮೇಲೆ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಬಾಣದ ಗುರುತು ಕೊಟ್ಟರು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗ್ರಾಮೀಣ ಪ್ರದೇಶದ ಬಡ ಕುಟುಂಬಗಳ 238 ಮಕ್ಕಳು ಇಂಗ್ಲಿಷ್ ಪದಗಳನ್ನು ಕಲಿಯುವ ಆಟವನ್ನು ಆಡಿದರು. ಐವರು ಹಂಚಿಕೊಂಡು ಆಡಿದರೂ, ಒಟ್ಟಿನಲ್ಲಿ, ಒಬ್ಬೊಬ್ಬರೇ ಆಡಿದವರಷ್ಟೇ ಪದಗಳನ್ನು ಕಲಿತರು.

ಆದರೆ ಆಟವನ್ನು ಕಟ್ಟಿದ ರೀತಿಯಲ್ಲಿ ಒಂದು ಸಣ್ಣ ವ್ಯತ್ಯಾಸವಿತ್ತು. ಒಂದು ಬಗೆಯಲ್ಲಿ, ಯಾರು ಮೊದಲು ಸರಿಯುತ್ತರವನ್ನು ಒತ್ತಿದರೂ ಆಟ ಮುಂದೆ ಸಾಗುತ್ತಿತ್ತು. ಇನ್ನೊಂದರಲ್ಲಿ, ಎಲ್ಲರೂ ಸರಿಯುತ್ತರವನ್ನು ಒತ್ತುವವರೆಗೆ ಆಟ ನಿಲ್ಲುತ್ತಿತ್ತು. ಮೊದಲನೆಯದರಲ್ಲಿ ಪೈಪೋಟಿ, ಎರಡನೆಯದರಲ್ಲಿ ಮಾತುಕತೆ. ಹುಡುಗಿಯರು ಎಲ್ಲ ಬಗೆಗಳಲ್ಲಿಯೂ ಹೆಚ್ಚುಕಡಮೆ ಸಮನಾಗಿ ಕಲಿತರು. ಹುಡುಗರ ಕಲಿಕೆಯಲ್ಲಾದರೋ ಆಟದ ಬಗೆಯಿಂದ ಬಗೆಗೆ ಗಣನೀಯವಾದ ಅಂತರ ಕಂಡಿತು. ಪೈಪೋಟಿಗಿಂತ ಕೂಡಿ ಆಡುವುದೇ ಅವರಿಗೆ ಲಾಭವಾಯಿತು. ಹಿಂದುಳಿದ ಗೆಳೆಯನಿಗೆ ಉತ್ತರ ತಿಳಿಯದ ಹೊರತು ತಾವೂ ಮುಂದೆ ಹೋಗಲಾರರೆಂದಾಗ, ಅವನನ್ನು ಕಂಡು ನಗುವುದಕ್ಕಿಂತ ಅವನಿಗೆ ಹೇಳಿಕೊಡುವುದೇ ಎಲ್ಲರಿಗೂ ಪ್ರಯೋಜನದ ಮಾತು. ನನ್ನ ಸಂಧಿಯ ಪಾಠವನ್ನು ಹೀಗೆ ಕಟ್ಟಲು ಬಾರದಿದ್ದಿತೆ?

ಕನ್ನಡದ ಮಕ್ಕಳಿಗಾಗಿಯೂ ಇಂದು ಕಲಿಕೆಯ ಆಟಗಳು ದೊರೆಯುತ್ತವೆ. ಬೆಂಗಳೂರಿನ ಅಕ್ಷರ ಫೌಂಡೇಶನ್ ರೂಪಿಸಿದ ‘ಬಿಲ್ಡಿಂಗ್ ಬ್ಲಾಕ್ಸ್’ ಶಾಲೆಯ ಗಣಿತವನ್ನು ಆಟಗಳಾಗಿ ಮಾಡಿ ಮೊಬೈಲಿಗೆ ಉಚಿತವಾಗಿ ಒದಗಿಸಿದೆ. ಅದು ಕನ್ನಡದಲ್ಲಿಯೂ ಇದೆ. ನನಗೆ ಇಂಥ ಆಟಗಳಲ್ಲಿ ಇನ್ನೂ ಬೇಕೆನಿಸುವುದು ನಮ್ಮ ನಗೆ. ಬೆಲೂನು, ನಕ್ಷತ್ರ, ಚಪ್ಪಾಳೆಗಳು ಎಲ್ಲ ದೇಶಗಳಿಗೂ ಒಂದೇ. ತಪ್ಪಿದವನನ್ನು ದೊಡ್ಡಾಟದ ಸಾರಥಿ ಬಂದು ಮಾತನಾಡಿಸುವ ಆಟವನ್ನು, ಒಗಟಿಗೆ ಒಗಟು ಹಾಕಿ ಗೆಲ್ಲುವ ಆಟವನ್ನು, ಮದುವೆಯ ಮನೆಯಲ್ಲಿ ಹೆಣ್ಣುಮಕ್ಕಳು ಒಡಪು ಹೇಳಿ ಗಂಡನ ಹೆಸರನ್ನು ಬಚ್ಚಿಡುವ ಜಾಣತನದ ಆಟವನ್ನು ಮಾಡಬೇಕಾದವರು ಬಹುಶಃ ನೀವೇ.

ಮರುದಿನವೂ ಮಳೆ ಬಿಡಲಿಲ್ಲ. ಮೊಮ್ಮಗನ ಬಳಿಗೆ ಓಣಿಯ ಮೂವರು ಗೆಳೆಯರು ಬಂದಿದ್ದರು. ಮೊಬೈಲು ಒಂದೇ. ನಾನು ಒಳಗಿನಿಂದ ಹಳೆಯ ಸ್ಲೇಟೊಂದನ್ನು ತಂದು, ಭಿನ್ನರಾಶಿಯ ಅದೇ ಲೆಕ್ಕವನ್ನು ಬರೆದು, ನಾಲ್ವರಿಗೂ ಒಂದೇ ಉತ್ತರ ಬರುವವರೆಗೆ ಮೊಬೈಲು ಇಲ್ಲವೆಂದು ಹೇಳಿದೆ. ಮೊದಲ ಸಲ ನಾಲ್ಕು ಬೇರೆ ಬೇರೆ ಉತ್ತರಗಳು ಬಂದವು. ಅವುಗಳಲ್ಲಿ ಒಂದರ ಪ್ರಕಾರ ಒಂದು ರೊಟ್ಟಿಯನ್ನು ಹಂಚಿಕೊಂಡು ತಿಂದ ಮೇಲೆ ಒಂದೂವರೆ ರೊಟ್ಟಿ ಉಳಿಯುತ್ತಿತ್ತು. ಆ ಉತ್ತರ ಬರೆದವನೇ ಎಲ್ಲರಿಗಿಂತ ಮೊದಲು ನಕ್ಕನು. ಆಮೇಲೆ ನಾಲ್ವರೂ ಸ್ಲೇಟಿನ ಮೇಲೆ ಬಾಗಿದರು.